ಮನೆಗೆ ಗಾಳಿ, ಬೆಳಕು ತಂದ ಮೇಯರ್

ಲಗಾರ್ಡಿಯಾ ಎಂದರೆ ನ್ಯೂಯಾರ್ಕ್‌ನ ವಿಮಾನ ನಿಲ್ದಾಣ ಎಂದಷ್ಟೇ ನನಗೆ ಗೊತ್ತಿತ್ತು. ಫಿಯೊರೆಲ್ಲೊ ಲಗಾರ್ಡಿಯಾ 12 ವರ್ಷ ಆ ನಗರದ ಮೇಯರ್ ಆಗಿದ್ದವರು.

1882ರಲ್ಲಿ ಜನಿಸಿದ ಅವರು ಇಟಲಿಯಿಂದ ವಲಸೆ ಬಂದ ಬ್ಯಾಂಡ್ ಮಾಸ್ಟರ್‌ನ ಮಗ. ಎಲ್ಲಿಸ್ ದ್ವೀಪದಲ್ಲಿ ವಲಸಿಗರಿಗೆ ದುಭಾಷಿಯಾಗಿ ದುಡಿಯುತ್ತಲೇ ರಾತ್ರಿ ಕಾನೂನು ಓದಿದರು. 1921ರಲ್ಲಿ ಹಸುಗೂಸು ಮಗಳು ತೀರಿಕೊಂಡಳು, ಪತ್ನಿ ಥಿಯಾ ಕ್ಷಯಕ್ಕೆ ಬಲಿಯಾದರು. ಗಾಳಿ, ಬೆಳಕಿಲ್ಲದ ವಠಾರಗಳಲ್ಲಿ ಬಡವರನ್ನು ಕೊಲ್ಲುತ್ತಿದ್ದ ಕಾಯಿಲೆ ಅದು.

1934ರಲ್ಲಿ ಮೇಯರ್ ಆದಾಗ ಆರ್ಥಿಕ ಕುಸಿತದಿಂದ ಎಷ್ಟೋ ಜನ ಬೀದಿಗೆ ಬಿದ್ದಿದ್ದರು. ಅದೇ ವರ್ಷ ನಗರ ವಸತಿ ಪ್ರಾಧಿಕಾರ ಶುರುವಾಯಿತು. ಮೊದಲ ಯೋಜನೆ 'ಫಸ್ಟ್ ಹೌಸಸ್', 122 ಮನೆಗಳು. ಎಂಜಿನಿಯರಿಂಗ್ ಓದುವ ನನಗೆ ಅದರ ಉಪಾಯ ಬಹಳ ಹಿಡಿಸಿತು: ಒತ್ತೊತ್ತಾಗಿದ್ದ ಹಳೆಯ ಕಟ್ಟಡಗಳಲ್ಲಿ ಮೂರಕ್ಕೊಂದನ್ನು ಕೆಡವಿದರೆ ಉಳಿದವಕ್ಕೆ ಗಾಳಿ, ಬೆಳಕು ಬರುತ್ತದೆ! ಆದರೆ ಗೋಡೆಗಳು ತೀರಾ ಶಿಥಿಲವಾಗಿದ್ದವು. ಬಹುಪಾಲು ಹೊಸದಾಗಿಯೇ ಕಟ್ಟಬೇಕಾಯಿತು.

ಜೂಜಿನ ಯಂತ್ರಗಳನ್ನು ವಶಪಡಿಸಿಕೊಂಡು, ತಾವೇ ಸುತ್ತಿಗೆ ಹಿಡಿದು ಒಡೆದರು. (ಪ್ರಚಾರದ ಆಸೆಯೂ ಇತ್ತೆನ್ನಿ.) 1936ರ ಒಂದೇ ಬೇಸಿಗೆಯಲ್ಲಿ 11 ದೊಡ್ಡ ಸಾರ್ವಜನಿಕ ಈಜುಕೊಳಗಳು ತೆರೆದವು. ಪಕ್ಷದವರ ಶಿಫಾರಸಿನಿಂದ ಸಿಗುತ್ತಿದ್ದ ಎಷ್ಟೋ ನೌಕರಿಗಳನ್ನು ಪರೀಕ್ಷೆ ನಡೆಸಿ ತುಂಬಿದರು. ಅರ್ಜಿ ಹಾಕಿ ಕಾಯುವ ನಮ್ಮಂಥವರಿಗೆ ಇದರ ಬೆಲೆ ಗೊತ್ತು.

ಆದರೆ 1943ರಲ್ಲಿ ವಿಮಾ ಕಂಪನಿಯೊಂದರ ಸ್ಟೈವೆಸೆಂಟ್ ಟೌನ್ ವಸತಿ ಯೋಜನೆಗೂ ಅವರೇ ಸಹಿ ಹಾಕಿದರು. ಅಲ್ಲಿ ಕಪ್ಪುವರ್ಣೀಯರಿಗೆ ಮನೆ ಕೊಡುವುದಿಲ್ಲವೆಂದು ಕಂಪನಿ ಮೊದಲೇ ಹೇಳಿತ್ತು. ಗಾಳಿ, ಬೆಳಕಿಗಾಗಿ ಅಷ್ಟೆಲ್ಲ ಹೆಣಗಿದವರು ಇದಕ್ಕೆ ಹೇಗೆ ಒಪ್ಪಿದರೋ, ನನಗಂತೂ ಅರಗುವುದಿಲ್ಲ.

1947ರಲ್ಲಿ ಅವರು ತೀರಿಕೊಂಡರು. ಫಸ್ಟ್ ಹೌಸಸ್‌ನಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ.