ಆರು ತಂಡಗಳ ಅಲೆಮಾರಿ ಜಿಮ್ ಥೋರ್ಪ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪಂಟರ್‌ನ ಕೆಲಸಕ್ಕೆ ಚಪ್ಪಾಳೆ ಅಪರೂಪ. ತಂಡದ ಮುನ್ನಡೆ ನಿಂತಾಗ ಚೆಂಡನ್ನು ಕೈಬಿಟ್ಟು, ಅದು ನೆಲ ಮುಟ್ಟುವ ಮೊದಲೇ ಎದುರಾಳಿಯ ಅಂಗಳದ ಆಳಕ್ಕೆ ಒದೆಯುವುದಷ್ಟೇ ಆತನ ಪಾಲು. ಓಟ, ತಡೆಗಳ ಜೊತೆಗೆ ಈ ಕಲೆಯಲ್ಲೂ ನಿಷ್ಣಾತರಾಗಿದ್ದವರು ಜಿಮ್ ಥೋರ್ಪ್.

1887ರಲ್ಲಿ ಈಗಿನ ಒಕ್ಲಹೋಮಾದ ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನಲ್ಲಿ ಜನಿಸಿದ ಥೋರ್ಪ್, ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆಯಲ್ಲಿ ಪಾಪ್ ವಾರ್ನರ್ ಗರಡಿಯಲ್ಲಿ ಪಳಗಿದರು. 1911ರಲ್ಲಿ ಕಾರ್ಲೈಲ್ ತಂಡ ಹಾರ್ವರ್ಡ್ ಅನ್ನು 18-15ರಿಂದ ಮಣಿಸಿದಾಗ ನಾಲ್ಕು ಫೀಲ್ಡ್ ಗೋಲ್ ಅವರವೇ. ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು. ಆಗ ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ ಮೀಸಲು. ಹಿಂದೆ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದು ಬಯಲಾಗಿ, 1913ರಲ್ಲಿ ಪದಕಗಳನ್ನು ಕಿತ್ತುಕೊಳ್ಳಲಾಯಿತು.

ಆನಂತರ ಆಟವೇ ಅನ್ನದ ದಾರಿಯಾಯಿತು. 1915ರಲ್ಲಿ ಪಂದ್ಯಕ್ಕೆ 250 ಡಾಲರ್ ಸಂಭಾವನೆಗೆ ಕ್ಯಾಂಟನ್ ಬುಲ್‌ಡಾಗ್ಸ್ ಸೇರಿದರು. 1920ರಲ್ಲಿ, ಮುಂದೆ ಎನ್‌ಎಫ್‌ಎಲ್ ಎನಿಸಿದ ಸಂಸ್ಥೆಯ ಮೊದಲ ಅಧ್ಯಕ್ಷರಾದರು. ಅಧ್ಯಕ್ಷ ಪಟ್ಟವೂ ಅಲೆದಾಟ ತಪ್ಪಿಸಲಿಲ್ಲ. ಕ್ಯಾಂಟನ್, ಕ್ಲೀವ್‌ಲ್ಯಾಂಡ್, ಊರಾಂಗ್, ರಾಕ್ ಐಲ್ಯಾಂಡ್, ನ್ಯೂಯಾರ್ಕ್, ಷಿಕಾಗೊ ಹೀಗೆ ಲೀಗ್‌ನ ಆರು ತಂಡಗಳಿಗೆ ಆಡಿ, 1928ರಲ್ಲಿ ಕೊನೆಯ ಪಂದ್ಯಕ್ಕಿಳಿದಾಗ ಅವರಿಗೆ 41 ವರ್ಷ.

ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಕೂಲಿ ಕೆಲಸ, ಸಿನಿಮಾಗಳ ಸಣ್ಣಪುಟ್ಟ ಪಾತ್ರಗಳೇ ಆಸರೆಯಾದವು. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಡತನದಲ್ಲೇ ಕೊನೆಯುಸಿರೆಳೆದರು. 1963ರಲ್ಲಿ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನ ಮೊದಲ ಪಟ್ಟಿಯಲ್ಲೇ ಅವರ ಹೆಸರು ಸೇರಿತು. 1983ರಲ್ಲಿ ಪದಕಗಳ ಪ್ರತಿಕೃತಿಗಳು ಮಕ್ಕಳ ಕೈಸೇರಿದರೂ ವಿಜಯ ಪೀಠವನ್ನು ಇತರರೊಡನೆ ಹಂಚಿಕೊಳ್ಳಬೇಕಿತ್ತು. ಎರಡೂ ಸ್ಪರ್ಧೆಗಳ ಏಕೈಕ ವಿಜೇತರೆಂಬ ಮನ್ನಣೆ ಮರಳಿದ್ದು 2022ರಲ್ಲಿ, ಅವರು ತೀರಿಕೊಂಡ 69 ವರ್ಷಗಳ ಬಳಿಕ.