ಬೇಬ್ ಡಿಡ್ರಿಕ್ಸನ್ನಳ ಜೀವನ ವೃತ್ತಾಂತ

ದೇವನಹಳ್ಳಿ, ದೊಡ್ಡಬಳ್ಳಾಪುರದ ಸೀಮೆಯ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸಂಜೆಯ ಗಂಟೆಯಾದೊಡನೆ ತ್ರೋಬಾಲ್, ಖೋಖೋ ಆಟಗಳ ಗದ್ದಲವು ಕೇಳಿಬರುವುದು ವಾಚಕರಿಗೆ ತಿಳಿದ ವಿಷಯವೇ. ಸಾಫ್ಟ್‌ಬಾಲ್ ಎಂಬ ಆಟವು ಇವುಗಳಷ್ಟು ಬಳಕೆಯದಲ್ಲ. ಅದು ಅಮೇರಿಕೆಯ ಬೇಸ್‌ಬಾಲಿನ ತಂಗಿ. 1887ರಲ್ಲಿ ಷಿಕಾಗೋ ನಗರದಲ್ಲಿ, ಚಳಿಗಾಲದಲ್ಲಿ ಕಟ್ಟಡದೊಳಗೆ ಆಡುವುದಕ್ಕೆಂದು ಹುಟ್ಟಿದುದು. ಹೆಸರು ಮೃದುವಾದರೂ ಚೆಂಡು ಮೃದುವಲ್ಲವೆಂಬುದನ್ನು ಅದನ್ನು ಬರಿಗೈಯಲ್ಲಿ ಹಿಡಿದವರು ಬಲ್ಲರು. 1933ರಲ್ಲಿ ಅದೇ ನಗರದಲ್ಲಿ ನಡೆದ ರಾಷ್ಟ್ರೀಯ ಪಂದ್ಯಾಟದಲ್ಲಿ ಸ್ತ್ರೀಯರ ತಂಡಗಳಿಗೂ ಸ್ಥಾನವಿದ್ದಿತು. ಆ ಕಾಲದ ಆಟಗಾರ್ತಿಯರಲ್ಲಿ ಅನೇಕರು ಹಗಲು ಕಾರ್ಖಾನೆಯಲ್ಲಿಯೋ ಕಚೇರಿಯಲ್ಲಿಯೋ ದುಡಿದು, ಸಂಜೆ ಆ ಸಂಸ್ಥೆಯ ಹೆಸರಿನ ಅಂಗಿಯನ್ನು ತೊಟ್ಟು ಆಡುತ್ತಿದ್ದ ಹವ್ಯಾಸಿಗಳು. ಅಂತಹ ದುಡಿಯುವ ಹುಡುಗಿಯರ ನಡುವಿನಿಂದ ಎದ್ದುಬಂದು ಲೋಕಪ್ರಸಿದ್ಧಳಾದ ಒಬ್ಬಾಕೆಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಮಿಲ್ಡ್ರೆಡ್ ಡಿಡ್ರಿಕ್ಸನ್ 1911ನೆಯ ಇಸವಿ ಜೂನ್ 26ರಂದು ಟೆಕ್ಸಸ್ ಪ್ರಾಂತದ ಪೋರ್ಟ್ ಆರ್ಥರ್ ಪಟ್ಟಣದಲ್ಲಿ ಜನಿಸಿದಳು. ತಂದೆತಾಯಿಗಳು ನಾರ್ವೆ ದೇಶದಿಂದ ವಲಸೆ ಬಂದವರು, ತಂದೆಯು ಬಡಗಿ. ಏಳು ಮಂದಿ ಮಕ್ಕಳಲ್ಲಿ ಈಕೆ ಆರನೆಯವಳು. ಕುಟುಂಬವು ಬೇಗನೆ ಬ್ಯೂಮಾಂಟ್ ಊರಿಗೆ ಹೋಗಿ ನೆಲಸಿತು. ಮನೆಯಲ್ಲಿ ಹಣವು ಕಡಮೆ, ಬಾಯಿಗಳು ಹೆಚ್ಚು. ಆದರೂ ತಂದೆಯು ಹಿತ್ತಲಿನಲ್ಲಿ ಕಂಬಗಳನ್ನು ನೆಟ್ಟು, ಪೊರಕೆಯ ಕೋಲಿನ ತುದಿಗಳಿಗೆ ಇಸ್ತ್ರಿಪೆಟ್ಟಿಗೆಗಳನ್ನು ಕಟ್ಟಿ, ಮಕ್ಕಳಿಗೆ ವ್ಯಾಯಾಮಶಾಲೆಯೊಂದನ್ನು ಮಾಡಿಕೊಟ್ಟನು. ಬೀದಿಯ ಮನೆಗಳ ಗಿಡದ ಬೇಲಿಗಳನ್ನು ಒಂದಾದ ಮೇಲೊಂದರಂತೆ ಹಾರುತ್ತ ಓಡುವುದು ಹುಡುಗಿಯ ಅಭ್ಯಾಸ. ನಮ್ಮ ಕಡೆಯ ಕಳ್ಳಿಬೇಲಿಗಳಾಗಿದ್ದರೆ ಈ ಚರಿತ್ರೆಯು ಬೇರೆಯಾಗುತ್ತಿದ್ದಿತೋ ಏನೋ! ಹುಡುಗರೊಡನೆ ಚೆಂಡಾಟವಾಡಿ ದೂರ ಹೊಡೆಯುತ್ತಿದ್ದುದರಿಂದ, ಪ್ರಸಿದ್ಧ ಆಟಗಾರ ಬೇಬ್ ರೂತನ ಹೆಸರು ತನಗೆ ಬಂದಿತೆಂದು ಆಕೆ ಹೇಳಿಕೊಳ್ಳುತ್ತಿದ್ದಳು. ಮನೆಯಲ್ಲಿ ತಾಯಿ ಕೂಸೆಂದು ಕರೆದುದೇ ಆ ಹೆಸರಿನ ಮೂಲವೆಂದು ಹೇಳುವವರೂ ಉಂಟು. ತನ್ನ ವಿಷಯದಲ್ಲಿ ಸ್ವಲ್ಪ ಬಣ್ಣ ಕಟ್ಟಿ ಹೇಳುವುದು ಆಕೆಯ ಸ್ವಭಾವ. ವಯಸ್ಸನ್ನು ಸಹ ಕಡಮೆ ಮಾಡಿ ಹೇಳುತ್ತಿದ್ದಳು.

1930ರಲ್ಲಿ ಡಾಲಸ್ ನಗರದ ಎಂಪ್ಲಾಯರ್ಸ್ ಕ್ಯಾಷುಯಲ್ಟಿ ಎಂಬ ವಿಮಾ ಕಂಪೆನಿಯು ಆಕೆಯನ್ನು ತಿಂಗಳಿಗೆ 75 ಡಾಲರ್ ಸಂಬಳದ ಮೇಲೆ ಕರೆದುಕೊಂಡಿತು. ಹೆಸರಿಗೆ ಕಚೇರಿಯ ಕೆಲಸ. ಕರೆದ ಕಾರಣವಾದರೋ ಆಟವೇ. ಆಟಕ್ಕೆಂದು ನೇರವಾಗಿ ಹಣ ಪಡೆದರೆ ಹವ್ಯಾಸಿಯೆಂಬ ಪದವಿಗೆ ಚ್ಯುತಿ; ಕುರ್ಚಿಯಲ್ಲಿ ಕುಳಿತು ಪಡೆದರೆ ಚ್ಯುತಿಯಿಲ್ಲ! ಈ ನಿಯಮದ ಸೂಕ್ಷ್ಮವು ಸಿರಿವಂತರಿಗೆ ಬಾಧಿಸದು. ಸಂಬಳದಲ್ಲಿ ಒಂದಂಶವನ್ನು ತಂದೆತಾಯಿಗಳಿಗೆ ಕಳುಹಿಸುತ್ತಿದ್ದ ಹುಡುಗಿಗೆ ಬಾಧಿಸದೆ ಇರಲಿಲ್ಲ. ಕಂಪೆನಿಯ ಬ್ಯಾಸ್ಕೆಟ್‌ಬಾಲ್ ತಂಡವು 1931ರಲ್ಲಿ ಆಕೆಯ ಬಲದಿಂದ ರಾಷ್ಟ್ರದ ಪ್ರಥಮಸ್ಥಾನವನ್ನು ಗಳಿಸಿತು. ಅದೇ ವರ್ಷ ಚೆಂಡೆಸೆತದ ಸ್ಪರ್ಧೆಯಲ್ಲಿ ಆಕೆ ಬೇಸ್‌ಬಾಲನ್ನು 296 ಅಡಿಗಳ ದೂರಕ್ಕೆ ಎಸೆದಳು. ನಮ್ಮ ವಿದ್ಯಾರ್ಥಿನಿಯರು ಬಯಲಿನಲ್ಲಿ ಆ ದೂರವನ್ನು ಹಗ್ಗದಿಂದ ಅಳೆದು ನೋಡಬಹುದು.

1932ನೆಯ ಜುಲೈ 16ರಂದು ಇವಾನ್ಸ್‌ಟನ್ನಿನಲ್ಲಿ ರಾಷ್ಟ್ರೀಯ ಸ್ಪರ್ಧೆಗಳು ನಡೆದುವು. ಉಳಿದ ತಂಡಗಳು ಗುಂಪುಗುಂಪಾಗಿ ಬಂದಿದ್ದರೆ, ಕಂಪೆನಿಯ ತಂಡವಾಗಿ ಬಂದವಳು ಬೇಬ್ ಒಬ್ಬಳೇ. ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ ಓಡುತ್ತ, ಗುಂಡೆಸೆತ, ಚೆಂಡೆಸೆತ, ಈಟಿಯೆಸೆತ, ಉದ್ದನೆಗೆತ, 80 ಮೀಟರಿನ ತಡೆಯೋಟ ಈ ಐದರಲ್ಲಿ ಗೆದ್ದು, ಎತ್ತರನೆಗೆತದಲ್ಲಿ ಇನ್ನೊಬ್ಬಳೊಡನೆ ಸಮನಾಗಿ ನಿಂತಳು. ಆಕೆಗೆ 30 ಅಂಕಗಳು. ಎರಡನೆಯದಾಗಿ ಬಂದ 22 ಮಂದಿಯ ತಂಡಕ್ಕೆ 22 ಅಂಕಗಳು.

ಕೆಲವೇ ವಾರಗಳ ಮೇಲೆ ಲಾಸ್ ಏಂಜಲೀಸಿನ ಒಲಿಂಪಿಕ್ ಕ್ರೀಡೆಗಳಲ್ಲಿ, ಸ್ತ್ರೀಯರು ಮೂರಕ್ಕಿಂತ ಹೆಚ್ಚು ಸ್ಪರ್ಧೆಗಳಲ್ಲಿ ಭಾಗವಹಿಸಕೂಡದೆಂಬ ನಿಯಮವಿದ್ದುದರಿಂದ ಆಕೆ ಮೂರನ್ನೇ ಆರಿಸಿಕೊಳ್ಳಬೇಕಾಯಿತು. ಈಟಿಯೆಸೆತದಲ್ಲಿಯೂ ತಡೆಯೋಟದಲ್ಲಿಯೂ ಸುವರ್ಣಪದಕಗಳು ಲಭಿಸಿದುವು. ತಡೆಯೋಟದ ಕಾಲವು 11.7 ಸೆಕೆಂಡುಗಳು. ಎತ್ತರನೆಗೆತದಲ್ಲಿ ಜೀನ್ ಷೈಲಿ ಎಂಬಾಕೆಯೊಡನೆ ಸರಿಸಮನಾಗಿ ನೆಗೆದರೂ, ದೇಹಕ್ಕಿಂತ ಮೊದಲು ತಲೆಯು ಕೋಲನ್ನು ದಾಟಿತೆಂದು ತೀರ್ಪುಗಾರರು ದೋಷ ಹಿಡಿದು ಬೆಳ್ಳಿಯನ್ನು ಕೊಟ್ಟರು. ಆ ದೋಷವನ್ನು ಮೊದಲಿನ ನೆಗೆತಗಳಲ್ಲಿಯೇ ಏಕೆ ಹೇಳಲಿಲ್ಲವೋ ನಮಗೆ ಅರ್ಥವಾಗದು.

ಕೀರ್ತಿಯ ಹಿಂದೆಯೇ ಸಂಕಟವೂ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೋಟಾರುಗಾಡಿಯ ಜಾಹೀರಾತೊಂದರಲ್ಲಿ ಆಕೆಯ ಹೆಸರು ಕಾಣಿಸಿಕೊಂಡಿತೆಂದು ಹವ್ಯಾಸಿ ಕ್ರೀಡಾ ಒಕ್ಕೂಟವು ಆಕೆಯನ್ನು ಹೊರಗಿಟ್ಟಿತು. ತನ್ನ ಅನುಮತಿಯಿಲ್ಲದೆ ನಡೆದುದೆಂದು ತಿಳಿದ ಮೇಲೆ ಒಕ್ಕೂಟವು ಆಜ್ಞೆಯನ್ನು ಹಿಂತೆಗೆದುಕೊಂಡರೂ ಆಕೆ ತಿರುಗಿ ಹೋಗಲಿಲ್ಲ; ವೃತ್ತಿಗಾರ್ತಿಯಾದಳು. ಊರೂರು ಅಲೆದು ಪ್ರದರ್ಶನದ ಪಂದ್ಯಗಳನ್ನಾಡಿದಳು. 1934ರಲ್ಲಿ ಉದ್ದ ಗಡ್ಡದ ಪುರುಷರ ಬೇಸ್‌ಬಾಲ್ ತಂಡವೊಂದರಲ್ಲಿ ಸಹ ಚೆಂಡೆಸೆದಳು. ಪತ್ರಿಕೆಗಳವರಲ್ಲಿ ಕೆಲವರು ಆಕೆಯನ್ನು ಗಂಡುಬೀರಿಯೆಂದು ಹೀಯಾಳಿಸಿದರು. ಹೊಲಿಗೆಯಲ್ಲಿಯೂ ಕುಶಲೆಯಾಗಿದ್ದ ಆಕೆಯ ಮನಸ್ಸಿಗೆ ಇದು ಬಹಳ ನೋವನ್ನುಂಟುಮಾಡಿತು.

ಬಳಿಕ ಗಾಲ್ಫ್ ಆಟವನ್ನು ಹಿಡಿದು, ಕೈಯ ಚರ್ಮ ಸುಲಿಯುವ ತನಕ ದಿನವೂ ಅಭ್ಯಾಸಮಾಡಿದಳು. 1935ರಲ್ಲಿ ಟೆಕ್ಸಸಿನ ಹವ್ಯಾಸಿ ಸ್ತ್ರೀಯರ ಪಂದ್ಯವನ್ನು ಗೆದ್ದಳು. ಬಡಗಿಯ ಮಗಳು ತಮ್ಮ ಕೂಟಕ್ಕೆ ನುಗ್ಗಿದುದು ಸಿರಿವಂತ ಮನೆತನಗಳ ಕೆಲವರಿಗೆ ಹಿಡಿಸಲಿಲ್ಲ. ಬೇರೆ ಆಟಗಳಲ್ಲಿ ಹಣ ಪಡೆದಿದ್ದಳೆಂಬ ಕಾರಣದಿಂದ ಗಾಲ್ಫ್ ಸಂಘವು ಬಾಗಿಲನ್ನು ಮುಚ್ಚಿತು. 1938ರಲ್ಲಿ ಕುಸ್ತಿಪಟು ಜಾರ್ಜ್ ಜಹಾರಿಯಸನೊಡನೆ ವಿವಾಹವಾಯಿತು. ವರ್ಷಗಟ್ಟಲೆ ಬಹುಮಾನದ ಹಣವನ್ನು ಮುಟ್ಟದೆ ಕಾದು, 1943ರಲ್ಲಿ ಹವ್ಯಾಸಿಯ ಪದವಿಯನ್ನು ಮರಳಿ ಪಡೆದಳು. ಆ ತಾಳ್ಮೆಯನ್ನು ಆಕೆಯ ಪದಕಗಳಿಗಿಂತ ನಾವು ಹೆಚ್ಚೆಂದು ಎಣಿಸುತ್ತೇವೆ. 1946ರಲ್ಲಿ ಅಮೇರಿಕೆಯ ಹವ್ಯಾಸಿ ಸ್ತ್ರೀಯರ ಪಂದ್ಯವನ್ನೂ, 1947ರಲ್ಲಿ ಸ್ಕಾಟ್ಲೆಂಡಿನ ಗಲನ್ ಎಂಬಲ್ಲಿ ಬ್ರಿಟಿಷ್ ಹವ್ಯಾಸಿ ಸ್ತ್ರೀಯರ ಪಂದ್ಯವನ್ನೂ ಗೆದ್ದಳು. ಈ ಎರಡನೆಯದನ್ನು ಅದುವರೆಗೆ ಯಾವ ಅಮೇರಿಕದವಳೂ ಗೆದ್ದಿರಲಿಲ್ಲ. ಅನಂತರ ಪುನಃ ವೃತ್ತಿಗೆ ಸೇರಿ, 1950ರಲ್ಲಿ ಸ್ತ್ರೀಯರ ವೃತ್ತಿ ಗಾಲ್ಫ್ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬಳಾದಳು.

1953ರಲ್ಲಿ ಆಕೆಯ ಕರುಳಿನಲ್ಲಿ ಕ್ಯಾನ್ಸರ್ ರೋಗವು ಕಾಣಿಸಿಕೊಂಡಿತು. ಅಂದಿನ ಕಾಲದಲ್ಲಿ ಆ ರೋಗದ ಹೆಸರನ್ನೆತ್ತುವುದಕ್ಕೂ ಜನರು ಹೆದರುತ್ತಿದ್ದರು. ಆಕೆ ಮುಚ್ಚಿಡದೆ ಹೇಳಿದಳು, ಚಿಕಿತ್ಸೆಗೆ ಹಣ ಕೂಡಿಸುವ ಕಾರ್ಯಕ್ಕೂ ನಿಂತಳು. ಮೈಯ ಪಕ್ಕದಲ್ಲಿ ಕರುಳಿಗೆ ಹೊಸ ದಾರಿ ಮಾಡಿದ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷವೂ ಕೆಲವು ತಿಂಗಳುಗಳೂ ಕಳೆಯುವಷ್ಟರಲ್ಲಿ, 1954ರ ಅಮೇರಿಕದ ಸ್ತ್ರೀಯರ ಓಪನ್ ಪಂದ್ಯವನ್ನು ಹನ್ನೆರಡು ಹೊಡೆತಗಳ ಅಂತರದಿಂದ ಗೆದ್ದಳು. ಆ ಪ್ರಶಸ್ತಿಯು ಆಕೆಗೆ ಲಭಿಸಿದುದು ಅದು ಮೂರನೆಯ ಸಲ. ಮರುವರ್ಷ ರೋಗವು ಮರುಕಳಿಸಿತು. 1956ನೆಯ ಸೆಪ್ಟೆಂಬರ್ 27ರಂದು ಗ್ಯಾಲ್ವೆಸ್ಟನ್ನಿನ ಆಸ್ಪತ್ರೆಯಲ್ಲಿ, 45ನೆಯ ವಯಸ್ಸಿನಲ್ಲಿ ಆಕೆ ತೀರಿಹೋದಳು. ಬೇಲಿಗಳನ್ನು ಹಾರಿ ಬೆಳೆದ ಬ್ಯೂಮಾಂಟ್ ಊರಿನಲ್ಲಿಯೇ ಆಕೆಯ ಸಮಾಧಿಯಿದೆ.