ವಿದ್ಯಾರ್ಥಿವೇತನದ ಋಣ



ಕಾಸರಕೋಡಿನ ದಂಡೆಯಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಶರಾವತಿ ಕಡಲು ಸೇರುವುದು ಕಾಣುತ್ತದೆ. ಆಚೆ ದಡದಲ್ಲಿ ಹೊನ್ನಾವರ. ಈ ಎರಡೂ ದಡಗಳ ಮನೆಗಳಲ್ಲಿ ಒಂದು ಕನಸು ಸಾಮಾನ್ಯ. ತಂದೆ ದೋಣಿಯಲ್ಲಿ ದುಡಿದರೂ, ತಾಯಿ ಮೀನಿನ ಬುಟ್ಟಿ ಹೊತ್ತರೂ, ಮಗನೋ ಮಗಳೋ ಇಂಜಿನಿಯರ್ ಆಗಬೇಕು, ಆದರೆ ಒಮ್ಮೆ ಪರದೇಶಕ್ಕೂ ಹೋಗಿ ಕಲಿತು ಬರಬೇಕು ಎಂಬ ಕನಸು. ಕೈಯಲ್ಲಿ ಹಣವಿಲ್ಲದ ಇಂಥ ಮನೆಗೆ ಒಂದು ದಿನ ವಿದ್ಯಾರ್ಥಿವೇತನದ ಪತ್ರ ಬಂದರೆ ಆ ಸಂತೋಷವನ್ನು ಕೇಳಬೇಕೆ? ಕೃತಜ್ಞತೆಯ ಬಲಿಪೂಜೆಗೆ ಹೇಳುತ್ತೇವೆ, ನೆರೆಹೊರೆಯವರಿಗೆ ಸಿಹಿ ಹಂಚುತ್ತೇವೆ.

ಆದರೆ ಆ ಹಣ ಯಾರದು? ಅದನ್ನು ತೀರಿಸುವುದು ಹೇಗೆ? ಈ ಪ್ರಶ್ನೆಯನ್ನು ನಾವು ಮನೆಯಲ್ಲಿ ಕೇಳಿಕೊಳ್ಳುವುದು ಕಡಿಮೆ. ಇದಕ್ಕೆ ತಮ್ಮ ದೀರ್ಘ ಬಾಳಿನಿಂದಲೇ ಉತ್ತರ ಕೊಟ್ಟವರೊಬ್ಬರು ನಮ್ಮ ನಾಡಿನಲ್ಲಿ ಆಗಿಹೋಗಿದ್ದಾರೆ. ಅವರೇ ಸರ್ ಎಂ. ವಿಶ್ವೇಶ್ವರಯ್ಯ. ಅವರು ಕಟ್ಟಿಸಿದ ಕನ್ನಂಬಾಡಿ ಅಣೆಕಟ್ಟೆಯನ್ನು ನೀವು ನೋಡಿರುತ್ತೀರಿ. ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಅವರ ಹುಟ್ಟುಹಬ್ಬವನ್ನು ಇಂಜಿನಿಯರುಗಳ ದಿನವೆಂದು ಆಚರಿಸುವುದೂ ನಿಮಗೆ ಗೊತ್ತು. ಆದರೆ ಅವರೂ ಒಂದು ಕಾಲಕ್ಕೆ ವಿದ್ಯಾರ್ಥಿವೇತನವನ್ನೇ ನಂಬಿ ಓದಿದ ಬಡ ಹುಡುಗನಾಗಿದ್ದರೆಂಬುದನ್ನು ನಾವು ಮರೆಯುತ್ತೇವೆ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಅವರ ಊರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ಧನವಂತರಲ್ಲ. ಮಗ ಹದಿಹರೆಯದಲ್ಲಿರುವಾಗಲೇ ಅವರು ತೀರಿಕೊಂಡರು. ವಿಧವೆಯಾದ ತಾಯಿ ಮಗನ ಓದನ್ನು ನಿಲ್ಲಿಸಲಿಲ್ಲ. ಬೆಂಗಳೂರಿನಲ್ಲಿದ್ದ ಸೋದರಮಾವ ಎಚ್. ರಾಮಯ್ಯನವರು ಆಸರೆಯಾದರು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಹುಡುಗ ಕೊಡಗಿನವರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ತನ್ನ ಖರ್ಚನ್ನು ತಾನೇ ನೋಡಿಕೊಂಡ. ಹೀಗೆ ಬಿ.ಎ. ಮುಗಿಸಿದ. ಇಂಜಿನಿಯರಿಂಗ್ ಓದಲು ಪುಣೆಗೆ ಹೋಗಬೇಕಿತ್ತು. ಅದಕ್ಕೆ ಬೇಕಾದ ಹಣ ಆ ಮನೆಯಲ್ಲಿ ಇರಲಿಲ್ಲ.

ಆಗ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ವಾಚಕರೇ, ಸರ್ಕಾರದ ಹಣವೆಂದರೆ ಯಾರ ಹಣ? ರಾಗಿ ಬೆಳೆದು ಕಂದಾಯ ಕಟ್ಟಿದ ರೈತರ ಹಣ. ಅವರಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ತಮ್ಮ ಮಕ್ಕಳನ್ನು ಶಾಲೆಗೆ ಕಳಿಸಲಾಗದವರು ಒಬ್ಬ ಅಪರಿಚಿತ ಹುಡುಗನನ್ನು ಪುಣೆಗೆ ಕಳಿಸಿ ಓದಿಸಿದರು. 1883ರಲ್ಲಿ ಆ ಹುಡುಗ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ ಬಂದ. ಮರುವರ್ಷವೇ ಮುಂಬಯಿ ಸರ್ಕಾರ ಕರೆದು ಕೆಲಸ ಕೊಟ್ಟಿತು. ನಮ್ಮ ಉತ್ತರ ಕನ್ನಡವೂ ಆಗ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. ಆ ಪ್ರಾಂತ್ಯದ ಸೇವೆಯಲ್ಲಿ ಅವರು ಇಪ್ಪತ್ತನಾಲ್ಕು ವರ್ಷ ದುಡಿದರು. ಧಾರವಾಡ, ವಿಜಾಪುರಗಳಿಗೆ ಕುಡಿಯುವ ನೀರಿನ ಯೋಜನೆಗಳನ್ನು ರೂಪಿಸಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ನೆರೆ ಬಂದಾಗ ತಾನಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದರು. ಅದು ಅವರದೇ ಶೋಧನೆಯಾಗಿತ್ತು. ಆದರೂ ಸರ್ಕಾರದ ಸಂಬಳ ತಿಂದು ಮಾಡಿದ ಕೆಲಸವೆಂದು ಅದಕ್ಕೆ ಗೌರವಧನ ಪಡೆಯಲಿಲ್ಲ.

ಪರದೇಶಕ್ಕೆ ಅವರನ್ನು ಯಾರೂ ಕಳಿಸಲಿಲ್ಲ. ವಿದ್ಯಾರ್ಥಿವೇತನ ಪುಣೆಯವರೆಗೆ ಮುಟ್ಟಿಸಿತ್ತು, ಮುಂದಿನ ಕಲಿಕೆಗೆ ಅವರೇ ಸಂಬಳದಲ್ಲಿ ಉಳಿಸಿದರು. 1898ರಲ್ಲಿ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಜಪಾನಿಗೆ ಹೋದರು. ಅಲ್ಲಿ ಅವರು ನೋಡಿದ್ದು ಹೆಚ್ಚಾಗಿ ಶಾಲೆಗಳನ್ನು, ಕೈಗಾರಿಕೆಗಳನ್ನು. 1868ರ ನಂತರ ಜಪಾನು ತನ್ನ ಯುವಕರನ್ನು ಯುರೋಪು, ಅಮೆರಿಕಗಳಿಗೆ ಕಳಿಸಿ ಓದಿಸಿತ್ತು. ಅವರು ಮರಳಿ ಬಂದು ತಮ್ಮ ಜನಕ್ಕೆ ಕಲಿಸಿದ್ದರು. ಮೂವತ್ತೇ ವರ್ಷಗಳಲ್ಲಿ ಆ ದೇಶದ ಮುಖವೇ ಬದಲಾಗಿತ್ತು. ಒಬ್ಬನು ಕಲಿತದ್ದು ಊರಿಗೆಲ್ಲ ಹರಡಿದರೆ ಏನಾಗುತ್ತದೆಂಬುದನ್ನು ವಿಶ್ವೇಶ್ವರಯ್ಯನವರು ಅಲ್ಲಿ ಕಣ್ಣಾರೆ ಕಂಡರು.

1908ರಲ್ಲಿ ಮುಂಬಯಿ ಸೇವೆಯಿಂದ ನಿವೃತ್ತಿ ಬಯಸಿ ಮತ್ತೆ ಪ್ರವಾಸ ಹೊರಟರು. ಇಟಲಿಯೇ ಮೊದಲಾದ ಯುರೋಪಿನ ದೇಶಗಳು, ಅಮೆರಿಕ, ಕೆನಡಾ ಹೀಗೆ ದೇಶದಿಂದ ದೇಶಕ್ಕೆ ಹೋಗಿ ಅಣೆಕಟ್ಟು, ಒಳಚರಂಡಿ, ಕಾರ್ಖಾನೆಗಳನ್ನು ನೋಡಿದರು. ವಯಸ್ಸು ಐವತ್ತಕ್ಕೆ ಹತ್ತಿರವಾಗಿದ್ದರೂ ವಿದ್ಯಾರ್ಥಿಯಂತೆ ಟಿಪ್ಪಣಿ ಬರೆದುಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಪ್ರವಾಸದಲ್ಲಿದ್ದ ಅವರಿಗೆ ನಿಜಾಮ ಸರ್ಕಾರದ ಕರೆ ಬಂತು. 1909ರಲ್ಲಿ ಹೈದರಾಬಾದಿಗೆ ಹೋಗಿ, ಆ ನಗರವನ್ನು ನೆರೆಯಿಂದ ಕಾಪಾಡುವ ಯೋಜನೆ ಮಾಡಿಕೊಟ್ಟರು.

ಇಷ್ಟೆಲ್ಲ ಆಗುವಾಗ ಮೈಸೂರಿನ ಋಣ ಹಾಗೆಯೇ ಉಳಿದಿತ್ತಲ್ಲವೇ? 1909ರಲ್ಲಿ ಮೈಸೂರು ಅವರನ್ನು ಮುಖ್ಯ ಇಂಜಿನಿಯರ್ ಆಗಿ ಕರೆಯಿತು. ಅವರು ಕೂಡಲೇ ಒಪ್ಪಲಿಲ್ಲ. ಜನರಿಗೆ ಶಿಕ್ಷಣ, ಕೈಗಾರಿಕೆ ಒದಗಿಸುವ ಕೆಲಸಕ್ಕೆ ಅವಕಾಶವಿದೆಯೇ ಎಂದು ಮೊದಲು ಕೇಳಿ ತಿಳಿದುಕೊಂಡು, ಆಮೇಲೆ ಬಂದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಯಿತು. 1912ರಲ್ಲಿ ದಿವಾನರಾದರು. ಆ ಹುದ್ದೆ ಒಪ್ಪುವ ಮುನ್ನ ಬಂಧುಗಳನ್ನೆಲ್ಲ ಊಟಕ್ಕೆ ಕರೆದು, ಯಾರೂ ತಮ್ಮಿಂದ ಶಿಫಾರಸು ಕೇಳಬಾರದೆಂದು ಮಾತು ತೆಗೆದುಕೊಂಡರೆಂಬ ಕಥೆ ನಾಡಿನಲ್ಲೆಲ್ಲ ಮನೆಮಾತು.

ದಿವಾನರಾಗಿದ್ದ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ ಏರಿದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು. ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ತಾವು ಓದುವಾಗ ಪುಣೆಗೆ ಹೋಗಬೇಕಾಗಿತ್ತು, ಮುಂದಿನ ಹುಡುಗರಿಗೆ ಆ ಕಷ್ಟ ಉಳಿಯಲಿಲ್ಲ. ಜಾಣ ಯುವಕರನ್ನು ವಿದ್ಯಾರ್ಥಿವೇತನ ಕೊಟ್ಟು ಪರದೇಶಗಳಿಗೆ ಕಳಿಸುವ ಏರ್ಪಾಡಿಗೂ ಅವರು ಬಲ ಕೊಟ್ಟರು. ಹೀಗೆ ಇಂಗ್ಲೆಂಡಿಗೆ ಹೋಗಿ ಸಾಬೂನು ತಯಾರಿಕೆ ಕಲಿತು ಬಂದವರೇ ಎಸ್. ಜಿ. ಶಾಸ್ತ್ರಿ. ನಿಮ್ಮ ಬಚ್ಚಲುಮನೆಯಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಇದ್ದರೆ, ಅದು ಅಂಥ ಒಂದು ವಿದ್ಯಾರ್ಥಿವೇತನದ ಫಲವೆಂದು ತಿಳಿಯಿರಿ.

ಅವರ ಬಾಳಿನಲ್ಲಿ ನಾವು ವಿಚಾರ ಮಾಡಬೇಕಾದ ಇನ್ನೊಂದು ಘಟನೆಯಿದೆ. 1918ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು, ಹಿಂದುಳಿದ ಸಮುದಾಯದವರಿಗೆ ಸರ್ಕಾರಿ ಕೆಲಸಗಳಲ್ಲಿ ಸ್ಥಾನ ದೊರಕಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಪ್ರತಿಭೆಯೊಂದೇ ಅಳತೆಯಾಗಬೇಕೆಂಬುದು ವಿಶ್ವೇಶ್ವರಯ್ಯನವರ ನಂಬಿಕೆ. ಅವರು ಒಪ್ಪದೆ ದಿವಾನಗಿರಿ ಬಿಟ್ಟರು. ಅವರ ಪ್ರಾಮಾಣಿಕತೆಯನ್ನು ಗೌರವಿಸೋಣ. ಆದರೆ ತಲೆಮಾರುಗಳಿಂದ ಪುಸ್ತಕವನ್ನೇ ಕಾಣದ ಮನೆಯ ಮಗು, ಶಾಸ್ತ್ರಿಗಳ ಮನೆಯ ಮಗುವಿನ ಜೊತೆ ಒಂದೇ ಗೆರೆಯಿಂದ ಓಡಲು ಹೊರಡುವುದಿಲ್ಲ. ಇದನ್ನು ನಮ್ಮ ದೋಣಿಯವರ ಮನೆಗಳು ಚೆನ್ನಾಗಿ ಬಲ್ಲವು. ಮಹಾರಾಜರು ಆ ಮಕ್ಕಳನ್ನು ಕಂಡರು. ದೊಡ್ಡವರ ಬಾಳಿನಲ್ಲಿಯೂ ಅವರ ಕಣ್ಣಿಗೆ ಬೀಳದ ಒಂದು ಮೂಲೆ ಇರುತ್ತದೆ. ಅದನ್ನು ಮುಚ್ಚಿಡದೆ ಹೇಳಿದರೇ ಅವರಿಂದ ಕಲಿಯಲು ಸಾಧ್ಯ.

ಮುಂದೆ 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಅದರ ಆಡಳಿತ ಹೊತ್ತು ನಡೆಸಿದರು. ಅದಕ್ಕಾಗಿ ಅವರಿಗೆ ಸಲ್ಲಬೇಕಾದ ಸಂಭಾವನೆ ಲಕ್ಷ ರೂಪಾಯಿಗೂ ಮೀರಿತ್ತು. ಆ ಕಾಲದ ಲಕ್ಷವೆಂದರೆ ಎಷ್ಟೆಂಬುದನ್ನು ನೀವೇ ಊಹಿಸಿ. ಅದನ್ನು ಅವರು ಮನೆಗೆ ಒಯ್ಯಲಿಲ್ಲ. ಕೈಕಸುಬು ಕಲಿಯುವ ಹುಡುಗರಿಗೆ ಒಂದು ಸಂಸ್ಥೆ ಕಟ್ಟಲು ಬಳಸಬೇಕೆಂದರು. 1943ರಲ್ಲಿ ಆ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಯಿತು. ಅದಕ್ಕೆ ತಮ್ಮ ಹೆಸರು ಬೇಡವೆಂದು ಹೇಳಿ, ಮಹಾರಾಜ ಜಯಚಾಮರಾಜೇಂದ್ರರ ಹೆಸರಿಡಿಸಿದರು. ಪುಣೆಗೆ ಹೋಗಲು ಹಣವಿಲ್ಲದ ಹುಡುಗನಿಗೆ ನಾಡು ಕೊಟ್ಟದ್ದು ಹೀಗೆ ನೂರ್ಮಡಿಯಾಗಿ ನಾಡಿನ ಮಕ್ಕಳ ಕೈ ಸೇರಿತು. 1955ರಲ್ಲಿ ಅವರಿಗೆ ಭಾರತರತ್ನ ಬಂತು. ನೂರು ವರ್ಷ ದಾಟಿ ಬಾಳಿ, 1962ರ ಏಪ್ರಿಲಿನಲ್ಲಿ ಕಣ್ಣುಮುಚ್ಚಿದರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿಯಿದೆ.

ಅವರು ಕ್ರೈಸ್ತರಲ್ಲ. ಆದರೂ ಯೇಸುಸ್ವಾಮಿ ಹೇಳಿದ ತಲಾಂತುಗಳ ಸಾಮತಿಯನ್ನು ಅವರ ಬಾಳಿನಲ್ಲಿ ಓದಬಹುದು. ಒಡೆಯನು ಕೊಟ್ಟದ್ದನ್ನು ನೆಲದಲ್ಲಿ ಹೂಳಿಟ್ಟ ಸೇವಕ ಕದ್ದವನಲ್ಲ, ಪೋಲು ಮಾಡಿದವನೂ ಅಲ್ಲ. ಕೊಟ್ಟದ್ದನ್ನು ಹಾಗೆಯೇ ಹಿಂದಿರುಗಿಸಿದ. ಆದರೂ ಅವನು ತಪ್ಪಿತಸ್ಥನಾದ. ಏಕೆಂದರೆ ಅವನಲ್ಲಿದ್ದದ್ದು ಯಾರಿಗೂ ಫಲ ಕೊಡಲಿಲ್ಲ.

ಆದ್ದರಿಂದ ತಾಯಂದಿರೇ, ತಂದೆಯರೇ, ನಿಮ್ಮ ಮನೆಗೆ ಆ ಪತ್ರ ಬಂದ ದಿನ ಸಂತೋಷಪಡಿ. ಆ ರಾತ್ರಿ ಜಪಸರ ಮುಗಿದ ಮೇಲೆ ಮಗುವನ್ನು ಹತ್ತಿರ ಕೂರಿಸಿಕೊಂಡು, ಈ ಹಣದ ಹಿಂದೆ ಯಾರ ಯಾರ ಬೆವರಿದೆಯೆಂದು ತಿಳಿಸಿ. ಎಲ್ಲರೂ ಮರಳಿ ಊರಿನಲ್ಲೇ ನೆಲೆಸಬೇಕೆಂದು ಹಟ ಹಿಡಿಯುವುದು ಬೇಡ. ವಿಶ್ವೇಶ್ವರಯ್ಯನವರೂ ಇಪ್ಪತ್ತೈದು ವರ್ಷ ದೂರವೇ ಇದ್ದರು. ದೂರದಿಂದಲೂ ಧರ್ಮಕೇಂದ್ರದ ಒಂದು ಬಡ ಮಗುವಿನ ಶುಲ್ಕ ಕಟ್ಟಬಹುದು. ರಜೆಗೆ ಬಂದಾಗ ಹತ್ತನೆಯ ತರಗತಿಯ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡಬಹುದು. ಯಾವ ಪರೀಕ್ಷೆ ಬರೆಯಬೇಕು, ಯಾವ ಅರ್ಜಿ ಹಾಕಬೇಕು ಎಂದು ದಾರಿ ತೋರಿಸಬಹುದು.

ಶರಾವತಿ 1948ರಿಂದ ಜೋಗದಲ್ಲಿ ಕಾಣದ ಊರುಗಳ ದೀಪ ಬೆಳಗಿ, ಆಮೇಲೆ ನಮ್ಮ ಕಾಸರಕೋಡಿನ ಬಳಿ ಕಡಲು ಸೇರುತ್ತಿದೆ. ನಮ್ಮ ಮಕ್ಕಳ ವಿದ್ಯೆಯೂ ದಾರಿಯುದ್ದಕ್ಕೂ ಯಾರದಾದರೂ ಮನೆಗೆ ಬೆಳಕಾಗಲಿ. ಅದಕ್ಕಾಗಿ ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಪ್ರಭುವನ್ನು ಬೇಡಿಕೊಳ್ಳೋಣ.